ಗುಲಾಬಿ ಚಾಟನಿ: ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಆಮೇಲೆ ಕತ್ತರಿ ಹಿಡಿಯಿರಿ

ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರದ ಕಡೆ ಬಯಲಲ್ಲಿ ಬಿಡಿ ಹೂವಿನ ಗುಲಾಬಿ ಬೆಳೆಯುವವರಿಗೆ ಇದು ಗೊತ್ತಿರೋ ವಿಷಯ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್‌ಗೆ ಹೋದ ಹೂವಿಗೂ, ಹಬ್ಬ ಮುಗಿದ ಮೇಲೆ ಹೋದ ಹೂವಿಗೂ ರೇಟಿನಲ್ಲಿ ತುಂಬಾ ವ್ಯತ್ಯಾಸ. ಗಿಡ ಅದೇ, ಗೊಬ್ಬರ ಅದೇ, ಕೂಲಿ ಖರ್ಚೂ ಅದೇ. ಹೂವು ಯಾವ ವಾರ ಬರಬೇಕು ಅನ್ನೋದನ್ನ ಬಹುಪಾಲು ನಿರ್ಧರಿಸೋದು ನೀವು ಚಾಟನಿ ಮಾಡಿದ ದಿನ.

ದಿನ ಲೆಕ್ಕ ಹಾಕುವುದು

ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸಿದ ಜಾಗದ ಕೆಳಗಿನ ಕಣ್ಣು ಒಡೆದು, ಚಿಗುರು ಬೆಳೆದು, ಮೊಗ್ಗಾಗಿ ಅರಳೋಕೆ ನಮ್ಮ ಬಯಲುಸೀಮೆಯಲ್ಲಿ ಸುಮಾರು 45ರಿಂದ 50 ದಿನ ಬೇಕು. ಚಳಿ ಇದ್ದರೆ ಇನ್ನೂ ಕೆಲವು ದಿನ ಹೆಚ್ಚು. ಹಾಗಾಗಿ ಆಗಸ್ಟ್‌ನಲ್ಲಿ ಬರುವ ಹಬ್ಬಕ್ಕೆ ಜೂನ್ ಕೊನೆ ಅಥವಾ ಜುಲೈ ಮೊದಲ ಭಾಗದಲ್ಲೇ ಕತ್ತರಿ ಹಿಡಿಯಬೇಕು. ಆಯುಧಪೂಜೆಗೂ ಇದೇ ಲೆಕ್ಕ: ಕ್ಯಾಲೆಂಡರ್ ನೋಡಿ ಹಿಂದಕ್ಕೆ ಎಣಿಸಿ.

ತೋಟ ಪೂರ್ತಿ ಒಂದೇ ದಿನ ಸವರಬೇಡಿ. ಮೂರು ಭಾಗ ಮಾಡಿ, 5ರಿಂದ 6 ದಿನದ ಅಂತರ ಕೊಡಿ. ಮಳೆ, ಮೋಡದಿಂದ ಒಂದು ಭಾಗ ಹಿಂದುಮುಂದಾದರೂ ಇನ್ನೊಂದು ಕೈಹಿಡಿಯುತ್ತೆ. ಪ್ರತಿ ಭಾಗದ ಚಾಟನಿ ದಿನ, ಮೊದಲ ಹೂ ಕೊಯ್ದ ದಿನ ಎರಡನ್ನೂ ಮೊಬೈಲ್‌ನಲ್ಲಿ ಬರೆದಿಡಿ. ಎರಡು ಸಲ ಬರೆದರೆ ಸಾಕು, ನಿಮ್ಮ ತಳಿ ನಿಮ್ಮ ಮಣ್ಣಿನಲ್ಲಿ ಎಷ್ಟು ದಿನ ತಗೊಳ್ಳುತ್ತೆ ಅಂತ ಗೊತ್ತಾಗುತ್ತೆ.

ಎಲ್ಲಿ, ಎಷ್ಟು ಕತ್ತರಿಸಬೇಕು

ಈ ಕ್ರಮದಲ್ಲಿ ಹೋಗಿ:

1. ಮೊದಲು ಒಣಗಿದ, ಕಪ್ಪಾದ ಕಡ್ಡಿ ತೆಗೆಯಿರಿ. ಕತ್ತರಿಸಿದ ಜಾಗದ ಒಳಭಾಗ ಕಂದು ಬಣ್ಣ ಇದ್ದರೆ ಇನ್ನೂ ಕೆಳಗೆ ಹೋಗಿ, ಬಿಳಿ-ಹಸಿರು ತಿರುಳು ಕಾಣೋವರೆಗೂ.
2. ಕಸಿ ಗಂಟಿನ ಕೆಳಗಿಂದ ಬಂದ ಕಾಡು ಗುಲಾಬಿ ಚಿಗುರನ್ನು ಬುಡಸಮೇತ ಕಿತ್ತು ತೆಗೆಯಿರಿ. ಮೇಲೆ ಕತ್ತರಿಸಿದರೆ ಮತ್ತೆ ಬರುತ್ತೆ.
3. ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ, ಒಂದಕ್ಕೊಂದು ಉಜ್ಜುವ ರೆಂಬೆ, ಗಿಡದ ನಡುವೆ ನುಗ್ಗುವ ರೆಂಬೆ ತೆಗೆಯಿರಿ. ನಡುವೆ ಗಾಳಿ, ಬೆಳಕು ಆಡಬೇಕು.
4. ಉಳಿದ ಗಟ್ಟಿ ರೆಂಬೆಗಳನ್ನು ನೆಲದಿಂದ ಸುಮಾರು ಒಂದೂವರೆ ಅಡಿಯಿಂದ ಎರಡಡಿ ಎತ್ತರಕ್ಕೆ ಸವರಿ. ಹೊರಮುಖವಾಗಿರುವ ಕಣ್ಣಿನ ಕಾಲು ಅಂಗುಲ ಮೇಲೆ, ಕಣ್ಣಿನ ಕಡೆಗೆ ನೀರು ಇಳಿಯದ ಹಾಗೆ ಓರೆಯಾಗಿ ಕತ್ತರಿಸಿ.

ಜಾಸ್ತಿ ಕೆಳಗೆ ಸವರಿದರೆ ಹೂ ಕಡಿಮೆ, ಆದರೆ ದಪ್ಪ, ತೊಟ್ಟು ಉದ್ದ. ಹಗುರವಾಗಿ ಸವರಿದರೆ ಹೂ ಹೆಚ್ಚು, ಗಾತ್ರ ಸಣ್ಣ. ಕೆಜಿ ಲೆಕ್ಕದಲ್ಲಿ ಮಾರುವವರಿಗೆ ನಡುವಿನ ದಾರಿಯೇ ಸರಿ. ಮೊದಲ ವರ್ಷದ ಗಿಡವನ್ನು ಮಾತ್ರ ಜೋರಾಗಿ ಸವರಬೇಡಿ.

ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ. ಮಳೆಗಾಲದಲ್ಲಂತೂ ಬಿಡಲೇಬೇಡಿ, ತುದಿ ಒಣಗುವ ರೋಗ ಒಳಗೆ ಹೋಗೋದೇ ಹಸಿ ಗಾಯದಿಂದ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ತಲಾ ಅರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿದರೆ ಮುಲಾಮು ರೆಡಿ. ಅವತ್ತೇ ಬಳಸಿ ಮುಗಿಸಿ. ರೋಗದ ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಕತ್ತರಿಸಿದ ಕಡ್ಡಿ, ಎಲೆ ಸಾಲಿನಲ್ಲಿ ಬಿಡದೆ ಹೊರಗೆ ಸಾಗಿಸಿ.

ಊಟ ಕೊಡುವ ಸಮಯ

ಚಾಟನಿ ಆದ ಹೊಸದರಲ್ಲಿ ಎಲೆ ಕಡಿಮೆ. ಗಿಡ ರೆಂಬೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರೊಡೆಯುತ್ತೆ. ನಾವು ಹಾಕಿದ ಗೊಬ್ಬರ ಕೆಲಸಕ್ಕೆ ಬರೋದು ಎಲೆ ಬಿಚ್ಚಿಕೊಂಡಾಗ. ಕೊಟ್ಟಿಗೆ ಗೊಬ್ಬರ ನಿಧಾನಕ್ಕೆ ಕರಗುವುದರಿಂದ ಅದನ್ನು ಚಾಟನಿ ವಾರದಲ್ಲೇ ಹಾಕಬೇಕು. ಗಿಡಕ್ಕೆ 5ರಿಂದ 10 ಕೆಜಿ ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ 100ರಿಂದ 200 ಗ್ರಾಂ ಬೇವಿನ ಹಿಂಡಿ. ಕಾಂಡಕ್ಕೆ ತಾಗಿಸಬೇಡಿ. ಒಂದು ಗೇಣು ದೂರದಲ್ಲಿ ಸುತ್ತಲೂ ಹಾಕಿ, ಮಣ್ಣಿಗೆ ಹಗುರವಾಗಿ ಬೆರೆಸಿ, ಒಣ ಹುಲ್ಲು ಮುಚ್ಚಿ, ನೀರು ಕೊಡಿ.

ಎಲೆ ಬಿಚ್ಚಿದ ಮೇಲೆ ಕಡಲೆಕಾಯಿ ಹಿಂಡಿ ನೀರು ಕೊಡಬಹುದು. ಒಂದು ಕೆಜಿ ಹಿಂಡಿ 10 ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ ಬುಡಕ್ಕೆ ಹಾಕಿ. 15 ದಿನಕ್ಕೊಮ್ಮೆ ಸಾಕು. ಮೊಗ್ಗು ಬಟಾಣಿ ಗಾತ್ರ ಆದಾಗ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಚಿಗುರು ಮೆತ್ತಗಾಗಿ ಹೇನು, ಬೂದಿ ರೋಗ ಹುಡುಕಿಕೊಂಡು ಬರುತ್ತವೆ.

ಜೀವಾಮೃತ ಕೊಡುವವರು ಒಂದು ನೆನಪಿಡಿ: ಅದು ಮಣ್ಣಿನ ಜೀವಾಣುಗಳಿಗೆ ಸಹಾಯ, ಗೊಬ್ಬರಕ್ಕೆ ಬದಲಿ ಅಲ್ಲ. ಪೊಟ್ಯಾಶ್‌ಗೆ ಅಂತ ಬೂದಿ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಗುಲಾಬಿಗೆ ರಸಸಾರ 6ರಿಂದ 7 ಇದ್ದರೆ ಒಳ್ಳೇದು. ಗಡಸು ಬೋರ್ ನೀರು ಕುಡಿದ ಮಣ್ಣಿನಲ್ಲಿ ರಸಸಾರ ಆಗಲೇ ಏರಿರಬಹುದು, ಬೂದಿ ಅದನ್ನು ಇನ್ನೂ ಏರಿಸುತ್ತೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಅದು ಕಬ್ಬಿಣದ ಕೊರತೆ. ಆಗ ಬೂದಿ ನಿಲ್ಲಿಸಿ, ಕಳಿತ ಗೊಬ್ಬರ ಹೆಚ್ಚಿಸಿ.

ಕೊಯ್ಲೂ ಚಾಟನಿಯೇ

ಕೊಯ್ಯದೆ ಬಿಟ್ಟ ಹೂವು ಕಾಯಿ ಕಟ್ಟೋಕೆ ಹೋಗಿ ಗಿಡದ ಶಕ್ತಿ ಎಳೆಯುತ್ತೆ. ರೇಟ್ ಇಲ್ಲದ ದಿನವೂ ಬಾಡಿದ ಹೂವನ್ನು ಕೆಳಗಿನ ಮೊದಲ ಐದೆಲೆ ಗೊಂಚಲಿನ ಮೇಲೆ ಕತ್ತರಿಸಿ. ಮುಂದಿನ ಹೂವು ಅಲ್ಲಿಂದಲೇ ಹೊರಡುತ್ತೆ.

ಈ ವಾರದ ಕೆಲಸ ಇಷ್ಟೇ: ನಿಮ್ಮ ಮುಂದಿನ ಹಬ್ಬ ಯಾವುದು ನೋಡಿ, 50 ದಿನ ಹಿಂದಕ್ಕೆ ಎಣಿಸಿ, ಮೊಬೈಲ್‌ನಲ್ಲಿ ರಿಮೈಂಡರ್ ಇಡಿ. ಗೊಬ್ಬರ ಅದಕ್ಕೂ ಒಂದು ವಾರ ಮೊದಲೇ ತೋಟಕ್ಕೆ ಬಂದಿರಲಿ.