ಅಬಿಲೀನ್: ಒಂದು ದನದ ಪೇಟೆಯ ಹುಟ್ಟು

ನದಿಯ ದಡದಲ್ಲಿ, ಕೋಟೆಯ ಮಗ್ಗುಲಲ್ಲಿ, ದೇವಾಲಯದ ಸುತ್ತ ಊರುಗಳು ಬೆಳೆದುದನ್ನು ನಾವು ಚರಿತ್ರೆಯಲ್ಲಿ ಓದುತ್ತೇವೆ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಅಬಿಲೀನ್ ಪಟ್ಟಣವಾದರೋ ಬೆಳೆದುದು ದನದ ದೊಡ್ಡಿಯೊಂದರ ಸುತ್ತ. ೧೮೫೭ರಲ್ಲಿ ತಿಮೊಥಿ ಹರ್ಸಿ ಎಂಬಾತ ಅಲ್ಲಿ ನೆಲೆನಿಂತನು. ಊರಿನ ಹೆಸರನ್ನು ಲೂಕನ ಸುವಾರ್ತೆಯಿಂದ ಆರಿಸಿಕೊಂಡರು. ಹತ್ತು ವರ್ಷ ಕಳೆದರೂ ಅಲ್ಲಿದ್ದುದು ಸುಮಾರು ಹನ್ನೆರಡು ಮರದ ಗುಡಿಸಲು. ಹೆಚ್ಚಿನವಕ್ಕೆ ಮಣ್ಣಿನ ಮಾಡು.

ಆ ಊರಿನ ಭಾಗ್ಯ ತೆರೆದುದು ದೂರದ ಟೆಕ್ಸಾಸಿನಿಂದ. ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧಕ್ಕೆ ಅಲ್ಲಿನ ಗಂಡಸರು ಹೋಗಿದ್ದಾಗ, ಉದ್ದಕೊಂಬಿನ ದನಗಳು ಬಯಲಿನಲ್ಲಿ ಲಕ್ಷಗಟ್ಟಲೆ ಹೆಚ್ಚಿದ್ದುವು. ಕೊಳ್ಳುವವರಿಲ್ಲ; ತಲೆಗೆ ನಾಲ್ಕು ಡಾಲರು ಬಂದರೆ ಹೆಚ್ಚು. ಉತ್ತರದ ನಗರಗಳಲ್ಲಿ ಅದೇ ದನಕ್ಕೆ ನಲವತ್ತು ಡಾಲರಿನವರೆಗೆ ಬೆಲೆ! ನಡುವೆ ಕೊರತೆಯಿದ್ದುದು ರೈಲಿನದು.

ಇದನ್ನು ಕಂಡವನು ಇಲಿನಾಯ್ ಸಂಸ್ಥಾನದ ದನದ ವ್ಯಾಪಾರಿ ಜೋಸೆಫ್ ಮೆಕಾಯ್. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕ್ಯಾನ್ಸಸ್ ಪೆಸಿಫಿಕ್ ರೈಲುದಾರಿ ಪಶ್ಚಿಮಕ್ಕೆ ಚಾಚುತ್ತಿತ್ತು. ಹತ್ತಿರದ ಇತರ ಊರುಗಳವರು ದನದ ಗೋಜೇ ಬೇಡವೆಂದರು. ಅಬಿಲೀನಿನಲ್ಲಿ ಹುಲ್ಲಿತ್ತು, ಸ್ಮೋಕಿ ಹಿಲ್ ನದಿಯ ನೀರಿತ್ತು, ಬೇಡವೆನ್ನಲು ಜನವೂ ಹೆಚ್ಚಿರಲಿಲ್ಲ. ಈ ಕೊನೆಯ ಅನುಕೂಲವೇ ದೊಡ್ಡದೆಂದು ನನಗೆ ತೋರುತ್ತದೆ. ಮೆಕಾಯ್ ನೆಲ ಕೊಂಡು ದೊಡ್ಡಿಯನ್ನೂ ಮೂರಂತಸ್ತಿನ ಹೋಟೆಲನ್ನೂ ಕಟ್ಟಿಸಿದನು. ೧೮೬೭ರ ಸೆಪ್ಟೆಂಬರ್ ೫ರಂದು ಇಪ್ಪತ್ತು ವ್ಯಾಗನ್ನುಗಳ ದನ ಚಿಕಾಗೋವಿನ ಕಡೆಗೆ ಹೊರಟಿತು. ಆ ಒಂದು ವರ್ಷದಲ್ಲೇ ಸುಮಾರು ೩೫,೦೦೦ ದನ ಅಲ್ಲಿಗೆ ಬಂದುವು. ದನಗಾಹಿಗಳು ದಿನಕ್ಕೆ ಹತ್ತು ಹದಿನೈದು ಮೈಲಿಯಂತೆ ಎರಡು ಮೂರು ತಿಂಗಳು, ಚಿಜ಼ಮ್ ಹಾದಿ ಹಿಡಿದು ಅವನ್ನು ಹೊಡೆದುಕೊಂಡು ಬರುತ್ತಿದ್ದರು.

ಅವರ ಕೈಯ ಕೂಲಿಹಣ ಮದ್ಯದಂಗಡಿಗೂ ಜೂಜುಕಟ್ಟೆಗೂ ಸೇರುತ್ತಿತ್ತು. ೧೮೭೧ರಲ್ಲಿ ಊರಿನ ಕಾವಲಿಗೆ ನೇಮಕವಾದ ಪ್ರಸಿದ್ಧ ಹಿಕಾಕ್, ಒಬ್ಬ ಜೂಜುಗಾರನೊಡನೆ ತನ್ನ ಸಹಾಯಕನನ್ನೂ ಪ್ರಮಾದದಿಂದ ಗುಂಡಿಟ್ಟು ಕೊಂದನು. ಚಲನಚಿತ್ರಗಳಿಗೆ ಇಷ್ಟು ಸಾಕು. ಊರಿನ ಒಕ್ಕಲುಗಳನ್ನು ಕಾಡಿದ್ದು ಬೇರೆಯದು. ಟೆಕ್ಸಾಸಿನ ದನ ತಾನು ಆರೋಗ್ಯವಾಗಿದ್ದೇ ಹಾದುಹೋದ ಕಡೆ ಊರ ದನ ಜ್ವರದಿಂದ ಸಾಯುತ್ತಿತ್ತು. ಕಾರಣ ಅಂದು ಯಾರಿಗೂ ತಿಳಿಯದು. ಆ ಜ್ವರವನ್ನು ಹರಡುವುದು ಉಣ್ಣಿಯೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ೧೮೯೩ರಲ್ಲಿ ಪ್ರಕಟಿಸಿದರು. ಆ ದನವನ್ನು ತಡೆಯಲು ಕ್ಯಾನ್ಸಸಿನಲ್ಲಿ ೧೮೬೭ರಲ್ಲೇ ಕಾನೂನಾಗಿತ್ತು. ಅಬಿಲೀನ್ ನಿಷೇಧಿತ ಭಾಗದೊಳಗೇ ಇತ್ತು. ಸರ್ಕಾರ ಕಂಡೂ ಕಾಣದಂತಿತ್ತು. ಮೇಲಾಗಿ ಮಂದೆ ನುಗ್ಗಿದರೆ ಬೆಳೆ ಉಳಿಯುತ್ತಿರಲಿಲ್ಲ.

೧೮೭೨ರ ಫೆಬ್ರುವರಿಯಲ್ಲಿ ರೈತರೂ ಊರವರೂ ಕೂಡಿ, ಇನ್ನು ದನ ತರಬೇಡಿರೆಂದು ಟೆಕ್ಸಾಸಿನವರಿಗೆ ಪ್ರಕಟಣೆ ಕಳುಹಿಸಿದರು. ಅವರೂ ಬರಲಿಲ್ಲ. ಅಂಗಡಿಗಳಲ್ಲಿ ಕೆಲವು ಬಾಗಿಲು ಹಾಕಿದುವು. ಸುತ್ತಲಿನ ಬಯಲಿಗೆ ಚಳಿಗಾಲದ ಗೋಧಿ ಬಂತು. ಮೆಕಾಯ್ ಕಟ್ಟಿಸಿದ್ದ ಹೋಟೆಲಿನ ಒಂದು ಭಾಗವನ್ನು ಬಿಚ್ಚಿ, ದನದ ಹೊಸ ಪೇಟೆಯಾದ ಎಲ್ಸ್‌ವರ್ತಿಗೆ ಸಾಗಿಸಿದರು.