ಕಾಡಿನ ನಾಳೆಯನ್ನು ಲೆಕ್ಕ ಹಾಕುವವರಿಗೆ

ಮಳೆ, ಉಷ್ಣತೆ, ಮಣ್ಣು, ಇಳಿಜಾರು, ಭೂಬಳಕೆ, ಸಸ್ಯ–ಪ್ರಾಣಿಗಳ ದಾಖಲೆ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, 2050ರ ಹೊತ್ತಿಗೆ ಇಲ್ಲಿ ಏನು ಉಳಿದೀತು ಎಂದು ಲೆಕ್ಕ ಹಾಕುವುದು ನನ್ನ ವೃತ್ತಿ. ಹೆಚ್ಚಿನ ಕೆಲಸ ನಡೆದದ್ದು ಮಲೆನಾಡಿನಲ್ಲಿ. ಈಗ ಈ ಕ್ಷೇತ್ರಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಸಾಫ್ಟ್‌ವೇರನ್ನು ತಾವೇ ಬೇಗ ಕಲಿತುಬಿಡುತ್ತಾರೆ. ಅವರಿಗೆ ತರಗತಿಯಲ್ಲಿ ಯಾರೂ ಹೇಳದೆ ಬಿಡುವ ಕೆಲವು ಮಾತುಗಳು ಇಲ್ಲಿವೆ.

1. ನಕ್ಷೆ ಯಾರ ಮೇಜಿಗೆ ಹೋಗುತ್ತದೆ ಎಂದು ಮೊದಲೇ ಕೇಳಿ

ಅರಣ್ಯ ಇಲಾಖೆಯ ಕಾರ್ಯಯೋಜನೆ ಹತ್ತು ವರ್ಷದ್ದು. ಅದನ್ನು ಬರೆಯುತ್ತಿರುವ ಅಧಿಕಾರಿಯ ಮುಂದೆ 2070ರ ನಕ್ಷೆ ಹಿಡಿದರೆ ಮರ್ಯಾದೆಗೆ ನೋಡಿ ಪಕ್ಕಕ್ಕಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಈ ಬ್ಲಾಕಿನ ಅಕೇಶಿಯಾ ಕಡಿದ ಮೇಲೆ ಸಹಜ ಕಾಡು ತಾನಾಗಿ ಬಂದೀತೋ, ನೆಡಬೇಕೋ ಎಂಬುದು ಅವರ ಪ್ರಶ್ನೆ. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2016ರ ತನ್ನ ವರದಿಯಲ್ಲಿ ಯಾವ ಪ್ರಶ್ನೆಗೆ ಯಾವ ಲೆಕ್ಕ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಸಮಸ್ಯೆಯನ್ನು ಸರ್ಕಾರದ ಗಮನಕ್ಕೆ ತರುವಾಗ ಬೇಕಾದ ಲೆಕ್ಕ ಒಂದು, ಗುರಿ ಗೊತ್ತಾದ ಮೇಲೆ ದಾರಿ ಹುಡುಕುವ ಲೆಕ್ಕ ಇನ್ನೊಂದು, ಎರಡು ಯೋಜನೆಗಳನ್ನು ತೂಗುವ ಲೆಕ್ಕ ಮತ್ತೊಂದು. ಮಾಡಿದ್ದು ಫಲಿಸಿತೇ ಎಂದು ಹಿಂತಿರುಗಿ ನೋಡುವುದಕ್ಕೆ ಬೇರೆಯದೇ ಬೇಕು. ಒಂದೇ ಮಾಡೆಲ್ ನಾಲ್ಕನ್ನೂ ಮಾಡುವುದಿಲ್ಲ.

2. ಹಸಿರು ಬಣ್ಣದೊಳಗೆ ಏನಿದೆ ನೋಡಿ

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಕನಿಷ್ಠ ಶೇ 10ರಷ್ಟು ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಹಾಗಾಗಿ ಅಕೇಶಿಯಾ ನೆಡುತೋಪು, ಹಣ್ಣಿನ ತೋಟ, ತಾಳೆ ಜಾತಿಯ ಮರಗಳ ತೋಟ ಎಲ್ಲವೂ ಹಸಿರೇ. ಈ ಪದರವನ್ನು ಹಾಗೆಯೇ ಎತ್ತಿ ಮಾಡೆಲ್‌ಗೆ ಹಾಕಿದರೆ, ಕಾಡು ಹೋಗಿ ತೋಪು ಬಂದ ಕಡೆಯೂ ಏನೂ ಆಗಿಲ್ಲ ಎಂಬ ಉತ್ತರ ಬರುತ್ತದೆ.

ಹುಲ್ಲುಗಾವಲಿಗೆ ಇದಕ್ಕಿಂತ ದೊಡ್ಡ ಅನ್ಯಾಯವಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗಗಳ ನೆಲೆಯಲ್ಲಿ ದಶಕಗಳ ಹಿಂದೆ ನೀಲಗಿರಿ ನೆಟ್ಟರು. ಬಯಲಿನ ಹಕ್ಕಿ ಎರ್ಲಡ್ಡು ಒಂದು ಕಾಲಕ್ಕೆ ಅಲ್ಲಿತ್ತು. ಮರ ಹೆಚ್ಚಾದರೆ ಒಳ್ಳೆಯದು ಎಂಬ ಒಂದೇ ಸೂತ್ರದ ಮೇಲೆ ಮಾಡೆಲ್ ಕಟ್ಟಿದರೆ ಅಂಥ ಬಯಲುಗಳೆಲ್ಲ 'ಗಿಡ ನೆಡಲು ಯೋಗ್ಯ' ಎಂದು ನಕ್ಷೆಯಲ್ಲಿ ಮೂಡುತ್ತವೆ, ಆಮೇಲೆ ಅಲ್ಲಿ ಗುಂಡಿ ತೋಡುವುದಕ್ಕೆ ಅನುದಾನವೂ ಬರುತ್ತದೆ.

3. ದಾಖಲೆಗಳು ರಸ್ತೆ ಬದಿಯವು

ಹಕ್ಕಿ, ಚಿಟ್ಟೆ, ಹಾವುಗಳ ದಾಖಲೆಗಳನ್ನು ನಕ್ಷೆಯ ಮೇಲೆ ಚೆಲ್ಲಿ ನೋಡಿ, ಹೆದ್ದಾರಿ ಮತ್ತು ಹೋಮ್‌ಸ್ಟೇಗಳ ನಕ್ಷೆಯೇ ಎದ್ದು ಬರುತ್ತದೆ. ಕಪ್ಪೆಗಳು ಕೂಗುವುದು ಮಳೆಗಾಲದ ರಾತ್ರಿಯಲ್ಲಿ. ಆಗಲೇ ಘಟ್ಟದ ಒಳದಾರಿಗಳು ಮುಚ್ಚಿರುತ್ತವೆ. ಮ್ಯಾಕ್ಸೆಂಟ್‌ನಂಥ, ಕಂಡ ದಾಖಲೆಯನ್ನಷ್ಟೇ ನಂಬುವ ವಿಧಾನಗಳಿಗೆ 'ಯಾರೂ ಹೋಗಿಲ್ಲ' ಮತ್ತು 'ಹೋದರೂ ಸಿಗಲಿಲ್ಲ' ಎರಡರ ವ್ಯತ್ಯಾಸ ನಾವಾಗಿ ಹೇಳಿಕೊಡದಿದ್ದರೆ ತಿಳಿಯದು. ಎಲ್ಲೆಲ್ಲಿ ಹುಡುಕಿದ್ದಾರೆ ಎಂಬುದರ ನಕ್ಷೆಯನ್ನೂ ಜೊತೆಗೇ ಮಾಡಿಸಿ. ಪ್ರಭೇದದ ಗಡಿಗಳೂ ಬದಲಾಗುತ್ತಿರುತ್ತವೆ. ಒಂದೇ ಪ್ರಭೇದವೆಂದು ನಂಬಿದ್ದ ಕಾಳಿಂಗ ಸರ್ಪ 2024ರಲ್ಲಿ ನಾಲ್ಕಾಯಿತು, ಪಶ್ಚಿಮ ಘಟ್ಟದ್ದು ಪ್ರತ್ಯೇಕ. ಥಾಯ್ಲೆಂಡಿನ ದಾಖಲೆ ಸೇರಿಸಿ ಆಗುಂಬೆಯ ಹಾವಿನ ಭವಿಷ್ಯ ಹೇಳುವ ಹಳೆಯ ಲೆಕ್ಕಗಳನ್ನು ಈಗ ಮತ್ತೆ ಮಾಡಬೇಕು.

4. ಚೌಕದ ಅಳತೆ ಸಣ್ಣ ಸಂಗತಿಯಲ್ಲ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅಲ್ಲಿಂದ ನೇರ ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದ ಕಡೂರಿನಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು. ಜಾಗತಿಕ ಹವಾಮಾನ ಮಾಡೆಲ್‌ಗಳ ಒಂದೇ ಒಂದು ಚೌಕ ಅಷ್ಟು ಅಗಲ ಇರುವುದುಂಟು. ಘಟ್ಟದ ಗೋಡೆ ಅದರೊಳಗೆ ಕರಗಿಹೋಗುತ್ತದೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಒಮ್ಮೆ ಹೋಗಿಬನ್ನಿ. ರಾಮಪತ್ರೆ ಜಾತಿಯ ಮರಗಳು ಕೆಸರಿನಿಂದ ಮಂಡಿ ಮಡಿಸಿದಂತೆ ಬೇರನ್ನು ಮೇಲಕ್ಕೆತ್ತಿ ನಿಂತಿರುತ್ತವೆ. ಕಾಲಿಟ್ಟಲ್ಲೆಲ್ಲ ತಣ್ಣನೆ ನೀರು ಒಸರುತ್ತದೆ. ಅದೇ ಕಾನಿನ ಹೆಸರು ಹೊತ್ತ ಒಂದು ಮರದ ಪ್ರಭೇದವನ್ನು ಸಸ್ಯವಿಜ್ಞಾನಿಗಳು ಗುರುತಿಸಿದ್ದು 2000ದಲ್ಲಿ. ಇಂಥ ಜೌಗುಗಳು ಹಳ್ಳದ ಪಕ್ಕದಲ್ಲಿ ಕೆಲವೇ ಎಕರೆ ಇರುತ್ತವೆ. ಒಂದು ಕಿಲೋಮೀಟರ್ ಚೌಕದ ಉಪಗ್ರಹ ಪದರದಲ್ಲಿ ಅವು ಇಲ್ಲವೇ ಇಲ್ಲ. ಮಾಡೆಲ್ ಕಾಣದ್ದನ್ನು ನಕ್ಷೆಯಲ್ಲಿ ಕೈಯಿಂದ ಸೇರಿಸಲು ನಾಚಿಕೊಳ್ಳಬೇಡಿ.

5. ಹವಾಮಾನಕ್ಕಿಂತ ಮೊದಲು ಮಾರುಕಟ್ಟೆ ಬರುತ್ತದೆ

ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಸಿಂಗಳೀಕ ಇದೆ. ಅದರ ಭವಿಷ್ಯವನ್ನು ಉಷ್ಣತೆಯ ಗೆರೆಯಿಂದಷ್ಟೇ ಬರೆಯುವವರು ಅದೇ ಕಾಡಿನ ಉಪ್ಪಾಗೆ ಮರವನ್ನು ಮರೆಯುತ್ತಾರೆ. ತೂಕ ಇಳಿಸುವ ಮಾತ್ರೆಗೆಂದು ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿದಾಗ ಕಾಯಿ ಬಲಿಯುವ ಮೊದಲೇ ಕೊಯ್ಯುವ ಪೈಪೋಟಿ ಹುಟ್ಟಿತು. ಹಣ್ಣಾಗುವುದು ಮಳೆಗಾಲದಲ್ಲಾದ್ದರಿಂದ ಒಣಗಿಸಲು ಒಲೆಯ ಬೆಂಕಿಯೇ ಬೇಕು, ಅದಕ್ಕೆ ಸೌದೆ ಕಾಡಿನಿಂದ. ಅಡಿಕೆ ದರವೂ ಹೀಗೆಯೇ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಉತ್ತರ ಕನ್ನಡದ ಹಳೆಯ ಏರ್ಪಾಡು, ಅಡಿಕೆ ದರ ಏರಿದಾಗ ಒಂದು ಬಗೆಯಲ್ಲಿ, ಇಳಿದಾಗ ಇನ್ನೊಂದು ಬಗೆಯಲ್ಲಿ ಕಾಡಿನ ಮೇಲೆ ಒತ್ತಡ ಹಾಕುತ್ತದೆ. ಐದು ಜಾಗತಿಕ ಸಾಮಾಜಿಕ–ಆರ್ಥಿಕ ಹಾದಿಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವುದು ಸುಲಭ. ಶಿರಸಿಯ ಅಡಿಕೆ ದರ ಅವುಗಳಲ್ಲಿ ಸಿಗುವುದಿಲ್ಲ, ನೀವೇ ಬರೆಯಬೇಕು.

6. ಗೆರೆ ಎಳೆದವರು ಯಾರೆಂದು ಬಚ್ಚಿಡಬೇಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮವೆಂದು ಪರಿಗಣಿಸಿ, ಸುಮಾರು 9 ಕಿ.ಮೀ. ಚೌಕಗಳಲ್ಲಿ ಅಂಕ ಕೊಟ್ಟು, ಮೂರು ದರ್ಜೆ ಮಾಡಿತು. ಅಂತಿಮ ಗಡಿ, ನಿಯಮಗಳು ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕೆಂದಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳಿಂದ ಸಹಜ ಭೂದೃಶ್ಯವನ್ನು ಬೇರ್ಪಡಿಸಿ, ಘಟ್ಟದ ಶೇ 37ರಷ್ಟನ್ನು ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಒಂದು ಹಳ್ಳಿಯ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಹಳ್ಳಿ ಪಟ್ಟಿಗೆ ಬಂತು.

ಈ ಶೇ 20 ಪ್ರಕೃತಿಯಲ್ಲಿ ಸಿಗುವ ಅಂಕಿ ಅಲ್ಲ, ಅದು ಮನುಷ್ಯರ ತೀರ್ಮಾನ. ಅದನ್ನು 30 ಮಾಡಿದರೆ ಕೆಲವು ಹಳ್ಳಿ ಹೊರಗೆ ಹೋಗುತ್ತವೆ, 10 ಮಾಡಿದರೆ ಇನ್ನಷ್ಟು ಒಳಗೆ ಬರುತ್ತವೆ. ಮಲೆನಾಡಿನ ಒಂದು ಪಂಚಾಯಿತಿ ಸಭೆಯಲ್ಲಿ ನಕ್ಷೆ ಬಿಡಿಸಿದಾಗ ಹಿರಿಯ ತೋಟಿಗರೊಬ್ಬರು ಬಣ್ಣಗಳ ಮೇಲೆ ಬೆರಳಾಡಿಸಿ, "ಅಲ್ದ ತಮಾ, ನಮ್ಮನೆ ಬೆಟ್ಟ ಇದ್ರಲ್ಲಿ ಎಲ್ಲಿದ್ದು?" ಎಂದು ಕೇಳಿದರು. ಅವರು ಹುಡುಕುತ್ತಿದ್ದುದು ತಮ್ಮ ಸರ್ವೆ ನಂಬರು. ನಕ್ಷೆಯಲ್ಲಿದ್ದುದು ಹಳ್ಳಿಯ ಹೊರಗೆರೆ ಮಾತ್ರ. ಅಂಥವರಿಗೆ ಉತ್ತರವಿಲ್ಲದ ನಕ್ಷೆ ಊರಿಂದೂರಿಗೆ ಗಾಳಿಸುದ್ದಿಯಾಗಿಯೇ ತಲುಪುತ್ತದೆ. ತೋಟ ಕಸಿಯುತ್ತಾರೆ, ಮನೆ ಕಟ್ಟಬಾರದಂತೆ ಎಂಬ ಮಾತುಗಳು ಹೀಗೇ ಹಬ್ಬಿದವು. ಈ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರದ ಆರನೆಯ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಬಂತು. ಆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಆದ್ದರಿಂದ ಮಿತಿಯ ಅಂಕಿಯನ್ನು ಒಂದೇ ಕೊಡಬೇಡಿ. 10, 20, 30, 40 ನಾಲ್ಕಕ್ಕೂ ಫಲಿತಾಂಶ ತೋರಿಸಿ, ಒಂದೊಂದರಲ್ಲೂ ಯಾವ ಕಾಡು ಕೈಬಿಟ್ಟುಹೋಗುತ್ತದೆ, ಯಾವ ಹಳ್ಳಿ ಸೇರುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಆಯ್ಕೆ ಮಾಡುವವರು ಆಯ್ಕೆ ಮಾಡುತ್ತಿದ್ದೇವೆಂದು ತಿಳಿದೇ ಮಾಡಲಿ.

7. ಪ್ರಶ್ನೆ ಕಟ್ಟುವಾಗಲೇ ಊರಿನವರನ್ನು ಕರೆಯಿರಿ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಅಪಾಯ ನಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಸಂಶೋಧಕರು ಆರೋಗ್ಯ, ಪಶುಪಾಲನೆ, ಅರಣ್ಯ ಮೂರೂ ಕಡೆಯವರೊಂದಿಗೆ ಕೂತು ಮಾಡೆಲ್ ಕಟ್ಟಿದರು. ತೇವದ ಕಾಡು ಮತ್ತು ತೋಟ ಒಂದರೊಳಗೊಂದು ಹೆಣೆದುಕೊಂಡ ಕಡೆ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ಕಂಡುಬಂತು. ದನ ಎಲ್ಲಿ ಮೇಯುತ್ತದೆ, ತರಗೆಲೆ ಎಲ್ಲಿಂದ ತರುತ್ತಾರೆ ಎಂಬುದು ಉಪಗ್ರಹಕ್ಕೆ ಗೊತ್ತಿಲ್ಲ, ತರುವವರಿಗೆ ಗೊತ್ತು.

8. ಅನುಮಾನವನ್ನು ಉಪಯೋಗಿಸಿ

ಐದು ಮಾಡೆಲ್‌ಗಳು ಐದು ಉತ್ತರ ಕೊಟ್ಟರೆ ಸರಾಸರಿ ತೆಗೆದು ಕೈತೊಳೆದುಕೊಳ್ಳಬೇಡಿ. ಐದೂ ಒಪ್ಪುವ ಕಣಿವೆಗಳನ್ನು ಮೊದಲು ಉಳಿಸಲು ಹೇಳಿ, ಜಗಳವಾಡುವ ಜಾಗಗಳಿಗೆ ಸಮೀಕ್ಷೆಗೆ ಜನ ಕಳಿಸಿ.

9. ಹೇಳಿದ್ದನ್ನು ಅಳೆದು ನೋಡುವ ವ್ಯವಸ್ಥೆ ಕೇಳಿ

2022ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿದ ಜಾಗತಿಕ ಚೌಕಟ್ಟಿನ ಪ್ರಕಾರ 2030ರೊಳಗೆ ನೆಲ, ಜಲದ ಶೇ 30ರಷ್ಟು ರಕ್ಷಣೆಗೆ ಬರಬೇಕು. ಹಾಗಾಗಿ ಮಾಡೆಲ್‌ಗಳಿಗೆ ಬೇಡಿಕೆ ಇನ್ನೂ ಏರುತ್ತದೆ. ಅವು ಸರಿಯೋ ಎಂದು ನೋಡಲು ಮುದುಮಲೆಯಲ್ಲಿರುವಂಥ ಶಾಶ್ವತ ಪ್ಲಾಟುಗಳು ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಆರಂಭಿಸಿದ ಆ 50 ಹೆಕ್ಟೇರ್‌ನಲ್ಲಿ ಒಂದು ಸೆಂ.ಮೀ. ದಪ್ಪದ ಸಸಿಗೂ ತಗಡಿನ ನಂಬರು ಇದೆ. ಬೆಂಕಿ ಬಂದ ವರ್ಷ, ಆನೆ ತೊಗಟೆ ಸುಲಿದ ವರ್ಷ, ಬರದ ವರ್ಷ ಯಾವ ಮರ ಸತ್ತಿತು, ಯಾವುದು ಚಿಗುರಿತು ಎಂಬುದು ಅಲ್ಲಿ ಬರೆದಿದೆ. ನಿಮ್ಮ ಪ್ರಸ್ತಾವನೆಯಲ್ಲಿ ಸರ್ವರ್‌ಗೆ ಹಣ ಕೇಳುವ ಜಾಗದಲ್ಲೇ, ಮರದ ಸುತ್ತಳತೆ ತೆಗೆಯುವ ಇಬ್ಬರಿಗೆ ವರ್ಷಪೂರ್ತಿ ಸಂಬಳವನ್ನೂ ಕೇಳಿ.