ಒಂದು ಹನಿ ಕಡಿಮೆಯೇ ಇರಲಿ

ಮೈಸೂರಿನಲ್ಲಿ ಊದುಬತ್ತಿಗೆ ಪರಿಮಳ ಬೆರೆಸುವುದು ನನ್ನ ಕಸುಬು. ಇಪ್ಪತ್ತಾರು ವರ್ಷಗಳಲ್ಲಿ ಮೂಗು ಕಲಿಸಿದ ಪಾಠಗಳಿವು.

1. ಪ್ರಮಾಣ ಬದಲಾದರೆ ವಾಸನೆಯೇ ಬದಲಾಗುತ್ತದೆ. ಇಂಡೋಲ್ ಎಂಬ ಬಿಳಿಯ ಹರಳನ್ನು ಮೊದಲ ಸಲ ಡಬ್ಬಿಯಿಂದಲೇ ಮೂಸಿದಾಗ ಹೊಟ್ಟೆ ತೊಳಸಿತ್ತು. ನುಸಿಗುಳಿಗೆಗೆ ಮಲ ಬೆರೆತಂಥ ನಾತ. ಗುರುಗಳು ಏನೂ ಹೇಳದೆ ಅದನ್ನು ನೂರಕ್ಕೆ ಒಂದರಂತೆ ಕರಗಿಸಿದರು. ಮತ್ತೆ ಹತ್ತು ಪಟ್ಟು ತೆಳುಮಾಡಿ, ಕಾಗದದ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ ಕೈಗಿತ್ತರು. ಅಮ್ಮನ ಮುಡಿಯ ಮಲ್ಲಿಗೆ ದಂಡೆ ನೆನಪಾಯಿತು! ಮಲ್ಲಿಗೆ ಹೂವಿನಲ್ಲಿ ಇಂಡೋಲ್ ಸಹಜವಾಗಿಯೇ ಇದೆ.

ಕಾರಣ ಆಮೇಲೆ ಓದಿ ತಿಳಿದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ವಸ್ತು ಎಳ್ಳಷ್ಟಿದ್ದಾಗ ಅದಕ್ಕೆ ತೀರಾ ಸೂಕ್ಷ್ಮವಾದ ಕೆಲವು ಮಾತ್ರ ಎಚ್ಚರಗೊಳ್ಳುತ್ತವೆ; ಹೆಚ್ಚಾದಂತೆ ಉಳಿದವೂ ದನಿಗೂಡಿಸುತ್ತವೆ. ಮಿದುಳಿಗೆ ತಲುಪುವ ಸುದ್ದಿಯೇ ಬೇರೆಯಾಗುತ್ತದೆ. ಈ ಗ್ರಾಹಕಗಳ ಗುಟ್ಟು ಬಿಡಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

2. ಇಮ್ಮಡಿ ಸುರಿದರೆ ಇಮ್ಮಡಿ ಘಮ ಬರದು. ತುಸು ಹೆಚ್ಚಿದಂತೆ ಅನಿಸುತ್ತದೆ, ಅಷ್ಟೆ.

3. ಘಾಟು ಬೇರೆ, ವಾಸನೆ ಬೇರೆ. ಮೂಗು ಉರಿಸಿ ಕಣ್ಣಲ್ಲಿ ನೀರು ತರಿಸುವುದು ವಾಸನೆಯ ನರವಲ್ಲ, ಮುಖದ ನೋವು-ಸ್ಪರ್ಶಗಳನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ. ಹಿಂದೊಮ್ಮೆ ಕರ್ಪೂರ ಜಾಸ್ತಿ ಮಾಡಿ ಬತ್ತಿ ಕೊಟ್ಟಿದ್ದೆ. "ಪರಿಮಳವೇನೋ ಚೆನ್ನಾಗಿದೆ ಕಣಪ್ಪ, ದೇವರ ಮುಂದೆ ಕೂತ್ಕೊಳ್ಳೋಕೇ ಆಗಲ್ಲ" ಅಂದರು ಒಬ್ಬ ಅಜ್ಜಿ. ಅಂದಿನಿಂದ, ಚಿಕ್ಕ ಕೋಣೆಯಲ್ಲಿ ಕಿಟಕಿ ಮುಚ್ಚಿ ಹಚ್ಚಿ ನೋಡದೆ ಯಾವ ಬತ್ತಿಯನ್ನೂ ಹೊರಗೆ ಕಳಿಸಿಲ್ಲ.

4. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಕಾರ್ಖಾನೆಗೆ ಕಾಲಿಟ್ಟ ಹೊಸಬರಿಗೆ ಗಂಧ ಮುಖಕ್ಕೆ ರಾಚುತ್ತದೆ. ಹತ್ತು ನಿಮಿಷದಲ್ಲಿ ಅವರಿಗೂ ಏನೂ ಗೊತ್ತಾಗದು. ಗಂಧ ಎಲ್ಲೂ ಹೋಗಿರುವುದಿಲ್ಲ. ಒಂದೇ ಸಮನೆ ಬರುವ ವಾಸನೆಯನ್ನು ಮೂಗೂ ಮಿದುಳೂ ಸೇರಿ ಬದಿಗೆ ಸರಿಸಿರುತ್ತವೆ, ಹೊಸದು ಬಂದರೆ ಗೊತ್ತಾಗಲೆಂದು. ಇದು ತಿಳಿಯದ ಕಾಲದಲ್ಲಿ, ಪರಿಮಳ ಸಾಲದೆಂದು ಇನ್ನೊಂದು ಹನಿ, ಮತ್ತೊಂದು ಹನಿ ಹಾಕಿ ಎಷ್ಟೋ ಮಿಶ್ರಣ ಕೆಡಿಸಿದ್ದೇನೆ. ಈಗ ಮೂರ್ನಾಲ್ಕು ಪಟ್ಟಿ ಮೂಸಿದ ಮೇಲೆ ಹೊರಗೆ ಬರುತ್ತೇನೆ, ನನ್ನದೇ ಅಂಗಿಯ ತೋಳನ್ನು ಮೂಸುತ್ತೇನೆ, ಆಮೇಲೆ ಒಳಗೆ ಹೋಗುತ್ತೇನೆ.

5. ಮೊದಲ ಉಸಿರನ್ನು ನಂಬಬೇಕು. ಇದು ಮನೆಯಲ್ಲಿರುವ ಎಲ್ಲರಿಗೂ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಎಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಬಾಗಿಲು ತೆಗೆದೊಡನೆ ಆ ನಾತ ಬಂದು, ಸ್ವಲ್ಪ ಹೊತ್ತಿಗೆ ಇಲ್ಲವಾದರೆ, ಸೋರಿಕೆ ನಿಂತಿತೆಂದು ತಿಳಿಯಬೇಡಿ. ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು ಹೊರಗೆ ಬನ್ನಿ.